ಬಾಲ್ಟಿಮೋರ್‌ನಿಂದ ಬೆಳಗಿನ ರೈಲು

ವಾಷಿಂಗ್ಟನ್‌ನಲ್ಲಿ ಮೊದಲು ಏನು ನೋಡಬೇಕೆಂದು ಮಗಳು ಕೇಳಿದಾಗ ನಾನು ಶ್ವೇತಭವನದ ಹೆಸರು ಹೇಳಲಿಲ್ಲ, ಕಪ್ಪು ವರ್ಣೀಯರ ಓದಿಗೆ ಹೆಸರಾದ ಹೊವಾರ್ಡ್ ಎಂಬ ಖಾಸಗಿ ವಿಶ್ವವಿದ್ಯಾಲಯದ ಕಾನೂನು ಶಾಲೆ ಎಂದೆ. ಹಗಲು ಗುಮಾಸ್ತಗಿರಿ ಮಾಡಿ ಬೆಂಗಳೂರಿನ ಸಂಜೆ ಕಾಲೇಜೊಂದರಲ್ಲಿ ಎಲ್‌ಎಲ್‌ಬಿ ಓದುತ್ತಿದ್ದಾಗ, ಸಮಾನತೆಯನ್ನು ಹೇಳುವ ನಮ್ಮ ಸಂವಿಧಾನದ 14ನೇ ವಿಧಿಯ ಪಾಠದ ನಡುವೆ ಮೇಷ್ಟ್ರು, ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ತೀರ್ಮಾನವಾದ 1954ರ ಬ್ರೌನ್ ಮೊಕದ್ದಮೆಯನ್ನು ವಿವರಿಸಿದ್ದರು. ಅದನ್ನು ವಾದಿಸಿ ಗೆದ್ದ ಥರ್ಗುಡ್ ಮಾರ್ಷಲ್ ಅಂದಿನಿಂದ ನನ್ನ ನೆನಪಿನಲ್ಲಿ ಉಳಿದಿದ್ದರು.

ಮಗಳ ಮನೆಯಿರುವ ಬಾಲ್ಟಿಮೋರ್ ಮಾರ್ಷಲ್ ಅವರ ಹುಟ್ಟೂರು. ನಾವು ಹತ್ತಿದ ರೈಲಿಗೆ ಅಲ್ಲಿಂದ ವಾಷಿಂಗ್ಟನ್ ಒಂದು ಗಂಟೆಯ ದಾರಿ. 1930ರಿಂದ ಮೂರು ವರ್ಷ, ವಾಷಿಂಗ್ಟನ್‌ನಲ್ಲಿ ಕೋಣೆ ಹಿಡಿಯುವಷ್ಟು ಹಣವಿಲ್ಲದೆ, ಅವರು ದಿನವೂ ನಸುಕಿನಲ್ಲೆದ್ದು ಹೀಗೆಯೇ ಓಡಾಡಿದರು, ಏಕೆಂದರೆ ಊರಿನಲ್ಲೇ ಇದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಕಪ್ಪು ವರ್ಣೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೊವಾರ್ಡ್‌ನ ಶುಲ್ಕಕ್ಕಾಗಿ ತಾಯಿ ತಮ್ಮ ಮದುವೆಯ ಮತ್ತು ನಿಶ್ಚಿತಾರ್ಥದ ಉಂಗುರಗಳನ್ನು ಅಡವಿಟ್ಟಿದ್ದರೆಂದು ನಾನು ಹೇಳಿದಾಗ ಮಗಳು ಕಿಟಕಿಯ ಕಡೆ ತಿರುಗಿದಳು. ಅವಳ ಎಂಜಿನಿಯರಿಂಗ್ ಫೀಸಿಗಾಗಿ ಅವಳಮ್ಮನ ಬಳೆಗಳು ಎರಡು ವರ್ಷ ಬ್ಯಾಂಕಿನಲ್ಲಿದ್ದವು.

ಮೆಟ್ರೊ ಬದಲಾಯಿಸಿ ವ್ಯಾನ್ ನೆಸ್‌ನಲ್ಲಿ ಇಳಿದೆವು. ಶಾಲೆ ಮರಗಳ ನಡುವಿನ ಈ ಆವರಣಕ್ಕೆ ಬಂದದ್ದು 1974ರಲ್ಲಿ. ಮಾರ್ಷಲ್ ಓದಿದ ಕಟ್ಟಡ ನಗರದ ನಡುವೆ ಇತ್ತು. ಇಲ್ಲಿ, ಆಗ ಶಾಲೆಯನ್ನು ಮುನ್ನಡೆಸಿದ, ಮಾರ್ಷಲ್ ಅವರ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಅವರ ಹೆಸರು ಹೊತ್ತ ಕಟ್ಟಡದೆದುರು ನಾನು ಬಹಳ ಹೊತ್ತು ನಿಂತೆ, ಅದೂ ಪೂರ್ತಿ ಭಕ್ತಿಯಿಂದಲ್ಲ. 1869ರಲ್ಲಿ ಈ ಶಾಲೆ ಆರಂಭವಾದದ್ದೇ ಆರು ವಿದ್ಯಾರ್ಥಿಗಳು ವಾರಕ್ಕೆ ಮೂರು ಸಂಜೆ ಉಪಾಧ್ಯಾಯರ ಮನೆ, ಕಚೇರಿಗಳಲ್ಲಿ ಸೇರಿ ಓದುವ ಮೂಲಕ. 1872ರಲ್ಲಿ ಇಲ್ಲಿ ಪದವಿ ಪಡೆದ ಶಾರ್ಲೆಟ್ ರೇ ಅಮೆರಿಕದ ಮೊದಲ ಕಪ್ಪು ವರ್ಣೀಯ ವಕೀಲೆ. ಹೂಸ್ಟನ್ ಬಂದ ಮೇಲೆ ಸಂಜೆ ತರಗತಿಗಳು ಮುಚ್ಚಿದವು, ಪಾಠ ಬಿಗಿಯಾಯಿತು, 1931ರಲ್ಲಿ ಅಮೆರಿಕನ್ ವಕೀಲರ ಸಂಘದ ಮಾನ್ಯತೆಯೂ ಸಿಕ್ಕಿತು. ನನ್ನಂಥ ದುಡಿದು ಓದುವವರಿಗೆ ಬಾಗಿಲು ಹಾಕಿದ ಮನುಷ್ಯನನ್ನು ಮೆಚ್ಚುವುದು ನನಗೆ ಸುಲಭವಲ್ಲ. ಆದರೆ 1933ರಲ್ಲಿ ಮೊದಲಿಗರಾಗಿ ಹೊರಬಂದ ಮಾರ್ಷಲ್, ಇದೇ ಗುರುವಿನ ಜೊತೆ ನಿಂತು, ಮೇರಿಲ್ಯಾಂಡಿನ ಆ ಕಾನೂನು ಶಾಲೆಯ ಬಾಗಿಲನ್ನು ಡೊನಾಲ್ಡ್ ಮರ್ರೆ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿಗೆ ತೆರೆಸಿದರು. 1936ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಮಗಳಿಗೆ ಹಿಡಿಸಿದ್ದು ಇದೇ ಶಾಲೆಯಲ್ಲಿ ಓದಿದ ಪಾಲಿ ಮರ್ರೆ ಎಂಬಾಕೆಯ ಕಥೆ. ತರಗತಿಯ ಏಕೈಕ ಹೆಣ್ಣಾಗಿದ್ದ ಆಕೆ 1944ರಲ್ಲಿ ಮೊದಲಿಗಳಾಗಿ ಪಾಸಾದರೂ, ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಮುಂದಿನ ಓದಿಗೆ ಸೇರಿಸಿಕೊಳ್ಳಲಿಲ್ಲ. ಬಿಳಿಯರನ್ನೂ ಕಪ್ಪು ವರ್ಣೀಯರನ್ನೂ ಬೇರೆಬೇರೆಯಾಗಿಟ್ಟರೂ ಅದು ಸಮಾನತೆಯೇ ಎನ್ನುವ ತತ್ತ್ವವನ್ನೇ ನೇರವಾಗಿ ಪ್ರಶ್ನಿಸಬೇಕೆಂದು ಆಕೆ ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕಿದ್ದರು. 25 ವರ್ಷದೊಳಗೆ ಅದು ಬಿದ್ದೇ ಬೀಳುತ್ತದೆಂದು ಉಪಾಧ್ಯಾಯ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರೊಡನೆ ಆಕೆ ಹತ್ತು ಡಾಲರ್ ಪಂದ್ಯ ಕಟ್ಟಿದ್ದಳು. ಹತ್ತೇ ವರ್ಷ ಸಾಕಾಯಿತು. ಬ್ರೌನ್ ಮೊಕದ್ದಮೆಯ ತಯಾರಿಯಲ್ಲಿ, ಅದೇ ವಾದವಿದ್ದ ಆಕೆಯ ವಿದ್ಯಾರ್ಥಿ ದಿನಗಳ ಪ್ರಬಂಧವನ್ನು ಹೊರತೆಗೆದವರೂ ರಾಬಿನ್ಸನ್ನರೇ.

ಸಂಜೆಯ ರೈಲಿನಲ್ಲಿ ಎದುರಿಗೆ ಕುಳಿತ ಯುವತಿಯೊಬ್ಬಳು, ಕಚೇರಿಯ ಗುರುತಿನ ಚೀಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು, ದಪ್ಪ ಪುಸ್ತಕವೊಂದರಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದಳು. ಯಾವ ಪುಸ್ತಕವೆಂದು ಬಗ್ಗಿ ನೋಡಹೋದ ನನ್ನನ್ನು ಮಗಳು ಮೊಣಕೈಯಿಂದ ತಿವಿದಳು.