ಸುಮ್ಮನೆ ಹಿಡಿಯುತ್ತಾರೇನಮ್ಮ?

“ಪೊಲೀಸರು ಸುಮ್‌ಸುಮ್ನೆ ಹಿಡೀತಾರೇನಮ್ಮ?”

ಹಾಸನದಿಂದ ಫೋನ್ ಮಾಡಿದ ಹಿರಿಯರು ಈ ವಾರವೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ನಾನು ಏನು ಹೇಳಿದರೂ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಚಿಕ್ಕಮ್ಮನ ಬೀಗರ ಕಡೆಯವರು. ಮಗಳಿಗೆ ಟೆಕ್ಸಾಸ್ ಹುಡುಗನ ಸಂಬಂಧ ಬಂದಿದೆ, ಜಾತಕ ಕೂಡಿದೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗನ ಹೆಸರನ್ನು ಗೂಗಲ್ ಮಾಡಿ, ಬಂಧಿತರ ಫೋಟೊ ಹಾಕುವ ಸೈಟೊಂದರಿಂದ ಅವನ ಮುಖ ಎತ್ತಿ ವಾಟ್ಸಾಪ್‌ಗೆ ಹಾಕಿದ್ದಾರೆ. ಹಿಡಿದದ್ದು 2020ರಲ್ಲಿ, ಪಶ್ಚಿಮ ಟೆಕ್ಸಾಸ್‌ನ ಒಂದು ಪುಟ್ಟ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ. ಆಮೇಲೆ ಏನಾಯಿತು ಎಂಬುದಕ್ಕೆ ಸೈಟಿನಲ್ಲಿ ಒಂದಕ್ಷರವಿಲ್ಲ. ಕೋರ್ಟು ಕಡತ ಹುಡುಕುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ಹುಡುಗನನ್ನೇ ಕೇಳಿ ಅಂದರೆ “ಅವನು ಹೇಳ್ತಾನಾ?” ಎಂದರು. ನಾನೇ ಕೇಳಿದೆ. ಅಳುಕದೆ ಹೇಳಿದ, ಜನ್ಮದಿನಾಂಕ, ಪಾಸ್‌ಪೋರ್ಟಿನಲ್ಲಿರುವ ಹೆಸರು ಎರಡನ್ನೂ ಕೊಟ್ಟ. ಇವೆರಡು ಇಲ್ಲದೆ ಸಣ್ಣ ಕೌಂಟಿಯಲ್ಲಿ ಹುಡುಕಲು ಹೊರಡಬಾರದು.

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ದೊಡ್ಡವುಗಳಲ್ಲಿ ಜೈಲಿನ ಪಟ್ಟಿಯಿಂದ ಕೋರ್ಟಿನ ಆದೇಶದವರೆಗೆ ಬಹುತೇಕ ಎಲ್ಲವೂ ಕೂತಲ್ಲೇ ಸಿಗುತ್ತದೆ. ಸಣ್ಣವುಗಳಲ್ಲಿ ಆನ್‌ಲೈನ್ ಹುಡುಕಾಟವೇ ಇರದಿರಬಹುದು, ಮಧ್ಯಾಹ್ನ ಊಟಕ್ಕೆ ಕಚೇರಿಯ ಬಾಗಿಲು ಹಾಕಬಹುದು. ಕೆಲವು ಕೌಂಟಿಗಳಿಗೆ ಸ್ವಂತ ಜೈಲೂ ಇಲ್ಲ, ಹಿಡಿದವರನ್ನು ದುಡ್ಡು ಕೊಟ್ಟು ಪಕ್ಕದ ಕೌಂಟಿಯಲ್ಲಿ ಇರಿಸುತ್ತಾರೆ. ಆಗ ಬುಕಿಂಗ್ ಹಾಳೆ, ಅಂದರೆ ಜೈಲಿಗೆ ಸೇರಿಸುವಾಗ ತುಂಬುವ ದಾಖಲೆ, ಒಂದು ಕಡೆ, ಕೇಸು ಇನ್ನೊಂದು ಕಡೆ. ಹಿಡಿದವನು ಹೆದ್ದಾರಿಯ ಸ್ಟೇಟ್ ಟ್ರೂಪರ್ ಆಗಿದ್ದರೆ ಅವನ ವರದಿ ರಾಜ್ಯದ ಡಿಪಿಎಸ್ (ಸಾರ್ವಜನಿಕ ಸುರಕ್ಷತಾ) ಇಲಾಖೆಯಲ್ಲಿರುತ್ತದೆ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಹತ್ತಿರ ಇರುವುದಿಲ್ಲ. ಅದಕ್ಕೇ ಮೊದಲು ಕೇಳಬೇಕಾದ್ದು “ಹಿಡಿದವರು ಯಾರು” ಅಂತ.

ಬಂಧನದ ದಾಖಲೆ ಕೇಳುವುದು ಟೆಕ್ಸಾಸ್ ಪಬ್ಲಿಕ್ ಇನ್ಫರ್ಮೇಶನ್ ಆ್ಯಕ್ಟ್ ಅಡಿಯಲ್ಲಿ. ಯಾರು ಬೇಕಾದರೂ ಕೇಳಬಹುದು, ಏಕೆ ಬೇಕು ಎಂದು ಅವರು ವಿಚಾರಿಸುವಂತಿಲ್ಲ. ಅರ್ಜಿ ಬರಹದಲ್ಲಿರಬೇಕು, ಫೋನಿನ ಮಾತು ಲೆಕ್ಕಕ್ಕಿಲ್ಲ. “ಇವರ ಬಗ್ಗೆ ಇರುವುದೆಲ್ಲ ಕೊಡಿ” ಎಂದು ಬರೆದರೆ ಕೆಲಸ ಕೆಟ್ಟಿತು. ಬುಕಿಂಗ್ ಹಾಳೆ, ಅಪರಾಧ ವರದಿಯ ಮೂಲ ಮಾಹಿತಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಎಂದು ಬಿಡಿಸಿ ಬರೆಯಬೇಕು. ಮಾಹಿತಿ ತಡೆಹಿಡಿಯಬೇಕೆಂದರೆ ಅವರು ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ರಾಜ್ಯದ ಅಟಾರ್ನಿ ಜನರಲ್ ಅವರ ತೀರ್ಮಾನ ಕೇಳಬೇಕು. ಮಾಮೂಲಿ ಪ್ರತಿಗೆ ಪುಟಕ್ಕೆ 10 ಸೆಂಟ್. ಒಟ್ಟು 40 ಡಾಲರ್ ದಾಟುವುದಾದರೆ ಮೊದಲೇ ಅಂದಾಜು ಕೊಡಬೇಕು.

ಇದೇ ಅರ್ಜಿಯನ್ನು ಕೋರ್ಟ್ ಕ್ಲರ್ಕ್‌ಗೂ ಕಳಿಸುವವರಿದ್ದಾರೆ. ನ್ಯಾಯಾಂಗದ ಕಡತಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ನೇರವಾಗಿ ಹೆಸರು ಕೊಟ್ಟು ಹುಡುಕಿಸಬೇಕು. ಸಾಮಾನ್ಯವಾಗಿ ಚಿಕ್ಕ ಅಪರಾಧಗಳಾದರೆ ಕೌಂಟಿ ಕ್ಲರ್ಕ್, ದೊಡ್ಡವಾದರೆ ಡಿಸ್ಟ್ರಿಕ್ಟ್ ಕ್ಲರ್ಕ್, ಬರೀ ದಂಡದವಾದರೆ ಜಸ್ಟಿಸ್ ಆಫ್ ದಿ ಪೀಸ್ ಅಥವಾ ಊರಿನ ಮುನ್ಸಿಪಲ್ ಕೋರ್ಟು. ಜನ ತೀರಾ ಕಡಿಮೆ ಇರುವ ಕೌಂಟಿಗಳಲ್ಲಿ ಮೊದಲಿನ ಎರಡೂ ಕುರ್ಚಿಯಲ್ಲಿ ಒಬ್ಬರೇ ಇರಬಹುದು.

ನಮ್ಮವರ ಹೆಸರು ಹುಡುಕುವುದೊಂದು ಬೇರೆಯೇ ತಲೆನೋವು. ಊರು, ಅಪ್ಪ, ಮಗ ಮೂವರೂ ಒಂದೇ ಹೆಸರಿನಲ್ಲಿ ಕೂತಿರುತ್ತಾರೆ. ಡೆಪ್ಯುಟಿ (ಶೆರಿಫ್‌ನ ಕೈಕೆಳಗಿನ ಪೊಲೀಸ್) ಯಾವುದನ್ನು ಸರ್‌ನೇಮ್ ಮಾಡಿದನೋ ಹೇಳಲಾಗದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಬಂದು ಕೂರುತ್ತದೆ, ಲೈಸೆನ್ಸಿಗೂ ಅದೇ ಹೋಗುತ್ತದೆ. ಮಂಜುನಾಥನ ಕೊನೆಗೆ ‘ಎ’ ಇದೆಯೋ ಇಲ್ಲವೋ, ಗೌಡನಿಗೆ ‘ಡಬ್ಲ್ಯು’ವೋ ‘ಯು’ವೋ, ಎಲ್ಲ ಸೇರಿಸಿ ಬರೆಯಬೇಕು. ಈ ಹುಡುಗ ಅಪ್ಪನ ಹೆಸರಿನಡಿ ಸಿಕ್ಕಿದ.

ಬುಕಿಂಗ್ ಹಾಳೆ ಒಂದೇ ಪುಟ. ಎತ್ತರ, ತೂಕ, ಕೂದಲಿನ ಬಣ್ಣ. ಆರೋಪದ ಎದುರು ಎರಡು ಔನ್ಸ್‌ಗಿಂತ ಕಡಿಮೆ ಗಾಂಜಾ. ವಶಕ್ಕೆ ಪಡೆದ ವಸ್ತುಗಳಲ್ಲಿ ಒಂದು ಬೆಲ್ಟು, ಒಂದು ಫೋನು, ಒಂದು ಬೆಳ್ಳಿ ಉಡದಾರ. ಡೆಪ್ಯುಟಿ ಅದನ್ನು ಚೈನ್ ಎಂದು ಬರೆದಿದ್ದಾನೆ, ಪಾಪ. ಕೆಳಗೆ, ಪ್ರಕರಣ ಹೇಗೆ ಮುಗಿಯಿತು ಎಂದು ತುಂಬಬೇಕಾದ ಚೌಕ ಖಾಲಿ.

ಆ ಖಾಲಿ ಚೌಕವೇ ಎಲ್ಲ ರಗಳೆಯ ಬೇರು. ಅದನ್ನು ವಾಪಸ್ ಬಂದು ತುಂಬಬೇಕೆನ್ನುವ ತುರ್ತು ಜೈಲಿನವರಿಗಿಲ್ಲ. ಕ್ಲರ್ಕನ್ನು ಕೇಳಿದರೆ “ಈ ಹೆಸರಲ್ಲಿ ಏನೂ ಇಲ್ಲ” ಅಂದರು. ಈ ಉತ್ತರಕ್ಕೆ ಹಲವು ಅರ್ಥ: ಕೇಸು ಬೇರೆ ಕೋರ್ಟಿನಲ್ಲಿದೆ, ಹೆಸರು ಬೇರೆ ಥರ ದಾಖಲಾಗಿದೆ, ಕೋರ್ಟು ಆದೇಶದಿಂದ ಅಳಿಸಲಾಗಿದೆ, ಇಲ್ಲವೇ ಕೇಸು ಹಾಕಿಯೇ ಇಲ್ಲ. ಯಾವುದೆಂದು ತಿಳಿಯಲು, ಇಂಥ ಕೇಸು ಹಾಕುವ ಸರ್ಕಾರಿ ವಕೀಲರಾದ ಕೌಂಟಿ ಅಟಾರ್ನಿಯ ಕಚೇರಿಗೆ ಹೋಗಬೇಕು. ಡಿಪಿಎಸ್‌ನ ಸಾರ್ವಜನಿಕ ಸೈಟಿನಿಂದ ಇದಕ್ಕೆ ಪ್ರಯೋಜನವಿಲ್ಲ; ಅಲ್ಲಿ ಕಾಣುವುದು ಶಿಕ್ಷೆಯಾದದ್ದು ಮತ್ತು ತೀರ್ಪು ಮುಂದೂಡಿ ನಿಗಾದಲ್ಲಿ ಇಟ್ಟದ್ದು ಮಾತ್ರ.

ಇಲ್ಲಿ ಆದದ್ದು ಆ ನಾಲ್ಕು ಅರ್ಥಗಳಲ್ಲಿ ಕೊನೆಯದು. ಕಾರಿನಲ್ಲಿ ನಾಲ್ವರು ಗೆಳೆಯರು, ಸೀಟಿನ ಕೆಳಗೆ ಒಂದು ಪೊಟ್ಟಣ, ನಾಲ್ವರನ್ನೂ ಎಳೆದೊಯ್ದರು. ಟೆಕ್ಸಾಸ್ 2019ರಲ್ಲಿ ಹೆಂಪ್ ಬೆಳೆಯನ್ನು, ಅಂದರೆ ಅಮಲೇರಿಸದ ಗಾಂಜಾ ಜಾತಿಯ ಗಿಡವನ್ನು, ಕಾನೂನುಬದ್ಧ ಮಾಡಿದ ಮೇಲೆ, ಸಿಕ್ಕ ಸೊಪ್ಪಿನಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ 0.3 ಶೇಕಡಕ್ಕಿಂತ ಹೆಚ್ಚಿದೆ ಎಂದು ಲ್ಯಾಬಿನಲ್ಲಿ ತೋರಿಸಬೇಕಾಯಿತು. ಚಿಕ್ಕ ಪ್ರಮಾಣದ ಕೇಸುಗಳನ್ನು ನಮ್ಮ ಲ್ಯಾಬ್ ಪರೀಕ್ಷಿಸುವುದಿಲ್ಲ ಎಂದು ಡಿಪಿಎಸ್ 2020ರ ಫೆಬ್ರುವರಿಯಲ್ಲೇ ಹೇಳಿಬಿಟ್ಟಿತು. ಕೌಂಟಿ ಅಟಾರ್ನಿ ಕೇಸು ಹಾಕಲಿಲ್ಲ. ಇಂಥ ಅಪರಾಧಕ್ಕೆ ಕೇಸು ಹಾಕಲು ಎರಡು ವರ್ಷದ ಗಡುವು, ಅದೂ ಎಂದೋ ಮುಗಿದಿದೆ.

ಇಷ್ಟನ್ನೂ ಹಿರಿಯರಿಗೆ ಬಿಡಿಸಿ ಹೇಳಿದೆ.

“ಕೇಸೇ ಇಲ್ಲ ಅಂತೀಯ.”

“ಇಲ್ಲ.”

“ಮತ್ತೆ ಹಿಡಿದಿದ್ದು?”

“ಹಿಡಿದಿದ್ದು ನಿಜ.”

“ಸುಮ್‌ಸುಮ್ನೆ ಹಿಡೀತಾರೇನಮ್ಮ?”

ಹಿಡಿಯುತ್ತಾರೆ ಎಂದು ಲಾಗೊ ವಿಸ್ಟಾದ ಕತೆ ಹೇಳಿದೆ. 1997ರಲ್ಲಿ ಟೆಕ್ಸಾಸ್‌ನ ಆ ಊರಲ್ಲಿ ಗೇಲ್ ಆಟ್‌ವಾಟರ್ ಎಂಬ ತಾಯಿ ಇಬ್ಬರು ಮಕ್ಕಳೊಂದಿಗೆ ಸೀಟ್ ಬೆಲ್ಟ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ಕೈಕೋಳ ಹಾಕಿ ಒಯ್ದು, ಫೋಟೊ ತೆಗೆದು, ಸುಮಾರು ಒಂದು ತಾಸು ಸೆಲ್ಲಿನಲ್ಲಿ ಕೂರಿಸಿದರು. ಆ ತಪ್ಪಿಗೆ ಇದ್ದ ಗರಿಷ್ಠ ದಂಡ 50 ಡಾಲರ್. ಹಾಗೆ ಬಂಧಿಸಿದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ 5-4 ಬಹುಮತದಿಂದ ಹೇಳಿತು. “ಅದು ಬೆಲ್ಟಿನ ವಿಷಯ” ಎಂದರು ಹಿರಿಯರು. ಮನುಷ್ಯ ಕೆಟ್ಟವರಲ್ಲ, ಮಗಳ ಬಗ್ಗೆ ಭಯ ಇದೆ. ಆದರೆ ಇದೇ ಹಿರಿಯರ ತಮ್ಮನ ಮೇಲೆ ಜಮೀನಿನ ಜಗಳದಲ್ಲಿ ಎಫ್‌ಐಆರ್ ಆಗಿದ್ದು ನನಗೆ ಗೊತ್ತು, “ಅದು ಆಗದವರು ಬರೆಸಿದ್ದು” ಎಂದು ಅವರೇ ಹೇಳಿದ್ದೂ ಗೊತ್ತು. ಆಡಲಿಲ್ಲ.

ಊರಲ್ಲೂ ಪರಿಸ್ಥಿತಿ ಹೆಚ್ಚು ಬೇರೆಯಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಒಳ್ಳೆಯದೇ ಆಯಿತು, ಆರೋಪಿಯ ಮನೆಯವರು ಪ್ರತಿಗಾಗಿ ಠಾಣೆಗೆ ಅಲೆಯುವುದು ತಪ್ಪಿತು. ಆದರೆ ಆ ಕೇಸು ಮುಂದೆ ಬಿ ರಿಪೋರ್ಟ್ ಆಗಿದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಟೆಕ್ಸಾಸ್‌ನಲ್ಲಿ ಇದು ಇನ್ನೂ ಒಂದು ಕೈ ಮೇಲೆ. ಶಿಕ್ಷೆಯಿಲ್ಲದೆ ಮುಗಿದ ಪ್ರಕರಣದ ತನಿಖಾ ಕಡತವನ್ನು ಪೊಲೀಸರು ತಡೆಹಿಡಿಯಬಹುದು, ಆದರೆ ಬಂಧನದ ಮೂಲ ಮಾಹಿತಿ ಕೊಡಲೇಬೇಕು. ಅಂದರೆ ಹಿಡಿದರು ಅನ್ನುವುದು ಊರಿಗೆಲ್ಲ ಸಿಗುತ್ತದೆ, ಬಿಟ್ಟದ್ದು ಏಕೆ ಅನ್ನುವುದು ಬೀರುವಿನಲ್ಲೇ ಉಳಿಯಬಹುದು. ಪತ್ರಕರ್ತರಿಗೆ, ರಾತ್ರೋರಾತ್ರಿ ಕಾಣೆಯಾದ ಮಗನನ್ನು ಹುಡುಕುವ ತಾಯಿಗೆ ಈ ಮೂಲ ಮಾಹಿತಿಯೇ ಆಧಾರ, ಅದನ್ನು ಮುಚ್ಚಿಡಿ ಎಂದು ನಾನಂತೂ ಹೇಳಲಾರೆ. ನನ್ನ ತಕರಾರು ಖಾಲಿ ಚೌಕದ ಬಗ್ಗೆ.

ಹುಡುಗನಿಗೆ ಹೇಳಿದ್ದಿಷ್ಟು. ಕೇಸು ಹಾಕದೇ ಬಿಟ್ಟ ಬಂಧನವನ್ನು ಅಳಿಸಿಹಾಕಲು ಟೆಕ್ಸಾಸ್‌ನಲ್ಲಿ ಎಕ್ಸ್‌ಪಂಕ್ಷನ್ ಅರ್ಜಿ ಹಾಕಬಹುದು. ಇವನ ದರ್ಜೆಯ ಆರೋಪಕ್ಕೆ ಬಂಧನದಿಂದ ಒಂದು ವರ್ಷ ಕಳೆದಿದ್ದರೆ ಸಾಕು. ಆದೇಶ ಬಂದ ಮೇಲೆ ಆ ಫೋಟೊ ಸೈಟಿಗೂ ಪ್ರತಿ ಕಳಿಸಬೇಕು. ಅಳಿಸುವ ಮೊದಲು ಬುಕಿಂಗ್ ಹಾಳೆಯ ಪ್ರತಿ ಮತ್ತು “ಕೇಸು ದಾಖಲಿಸಿಲ್ಲ” ಎಂಬ ಪತ್ರವನ್ನು ಕೌಂಟಿ ಅಟಾರ್ನಿಯಿಂದ ಸಹಿ ಹಾಕಿಸಿ ಇಟ್ಟುಕೊಳ್ಳಬೇಕು, ಕನಿಷ್ಠ ಎರಡೆರಡು ಪ್ರತಿ. ವೀಸಾದ ಡಿಎಸ್-160 ಅರ್ಜಿ, ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ಮದುವೆಗೆ ಊರಿಗೆ ಹೋಗಿ, ಚೆನ್ನೈಯಲ್ಲಿ ಸ್ಟಾಂಪಿಂಗ್‌ಗೆ ನಿಂತಾಗ ಅಧಿಕಾರಿ ಕಾಗದ ಕೇಳಿದರೆ, ಅಷ್ಟರಲ್ಲಿ ಕೌಂಟಿಯಲ್ಲಿ ಕೊಡಲು ಕಾಗದವೇ ಉಳಿದಿರುವುದಿಲ್ಲ.