ಆರು ಗೇರಾ, ಹತ್ತು ಗೇರಾ? ನಮ್ಮ ಸರ್ವೀಸ್ ದಾಖಲೆ ಹೇಳಿದ್ದು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ಹತ್ತಿರದ ಒಂದು ಗುತ್ತಿಗೆ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕಂಪನಿಯ ಪಿಕಪ್ ಟ್ರಕ್‌ಗಳನ್ನು ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಯಾವ ಗಾಡಿ ತರಬೇಕು, ಯಾವಾಗ ಸರ್ವೀಸ್ ಮಾಡಿಸಬೇಕು, ಯಾವುದನ್ನು ಮಾರಬೇಕು ಅಂತ ಲೆಕ್ಕ ಹಾಕಿ ಹೇಳಬೇಕು.

ಇಲ್ಲಿ ಪಿಕಪ್ ಅಂದರೆ ನಮ್ಮ ಕಡೆಯ ಬೊಲೆರೊ ಪಿಕಪ್ ಅಂದುಕೊಳ್ಳಬೇಡಿ. ಫೋರ್ಡ್ ಸೂಪರ್ ಡ್ಯೂಟಿ, ಶೆವರ್ಲೆ ಸಿಲ್ವರಾಡೊ 2500 ಮತ್ತು 3500, ರಾಮ್ 2500 ಮತ್ತು 3500 ಇವನ್ನೆಲ್ಲ ಇಲ್ಲಿ 'ಹೆವಿ ಡ್ಯೂಟಿ' ಅನ್ನುತ್ತಾರೆ. ಆರು ಲೀಟರ್ ದಾಟಿದ ಡೀಸೆಲ್ ಎಂಜಿನ್. ಹಿಂದೆ ಟ್ರೈಲರ್, ಟ್ರೈಲರ್ ಮೇಲೆ ಒಂದು ಸಣ್ಣ ಹಿಟಾಚಿ. ನಮ್ಮ ಗಾಡಿಗಳಿಗೆ ಇದು ದಿನದ ಕೆಲಸ.

ಗಾಡಿಗಳನ್ನು ಬದಲಿಸುವ ಸಮಯ ಬಂದಾಗ ಕಂಪನಿಯಲ್ಲಿ ದೊಡ್ಡ ಚರ್ಚೆ ಶುರುವಾಯಿತು. ಹೊಸ ಗಾಡಿಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಹತ್ತು ಗೇರ್. ಹಳೆಯವುಗಳಲ್ಲಿ ಆರು. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್‌ಗಳದ್ದು ಒಂದೇ ಮಾತು: ಆರು ಗೇರಿನದೇ ಗಟ್ಟಿ, ಹತ್ತು ಗೇರಿನದು ತಲೆನೋವು, ಹರಾಜಿನಲ್ಲಿ ಒಳ್ಳೆ ಹಳೇ ಗಾಡಿ ಹುಡುಕಿ ತರೋಣ. ಮ್ಯಾನೇಜರ್‌ಗೂ ಆ ಮಾತು ಹಿಡಿಸಿತ್ತು, ಹಣ ಉಳಿಯುತ್ತದಲ್ವಾ. ತೀರ್ಮಾನಕ್ಕೆ ಮೊದಲು ನಮ್ಮದೇ ದಾಖಲೆ ಏನು ಹೇಳುತ್ತೆ ನೋಡು ಅಂತ ಆ ಕೆಲಸ ನನಗೆ ಬಂತು.

ಈ ಗೇರುಗಳು ಒಂದೇ ಸಲ ಹೆಚ್ಚಾಗಿದ್ದಲ್ಲ. ಶೆವರ್ಲೆ ತಯಾರಿಸುವ ಜನರಲ್ ಮೋಟರ್ಸ್ 2001ರ ಮಾದರಿಯಲ್ಲಿ ಡ್ಯೂರಾಮ್ಯಾಕ್ಸ್ ಡೀಸೆಲ್ ಎಂಜಿನ್ ತಂದಾಗ ಅದರ ಜೊತೆ ಆಲಿಸನ್ 1000 ಅನ್ನುವ ಐದು ಗೇರಿನ ಗೇರ್‌ಬಾಕ್ಸ್ ಇತ್ತು. 2006ರಲ್ಲಿ ಅದು ಆರು ಗೇರಿನದ್ದಾಯಿತು. 2020ರಲ್ಲಿ ಹತ್ತು ಗೇರ್ ಬಂತು. ಫೋರ್ಡ್ ಕೂಡ 2011ರಲ್ಲಿ ಆರು ಗೇರಿಗೆ, 2020ರಲ್ಲಿ ಹತ್ತಕ್ಕೆ ಹೋಯಿತು. ರಾಮ್ ತನ್ನ ಕಮಿನ್ಸ್ ಡೀಸೆಲ್ ಗಾಡಿಗಳಲ್ಲಿ 2024ರವರೆಗೆ ಆರನ್ನೇ ಇಟ್ಟುಕೊಂಡಿತ್ತು. 2025ರಲ್ಲಿ ಜೆಡ್‌ಎಫ್ ಕಂಪನಿಯ ಎಂಟು ಗೇರಿನದಕ್ಕೆ ಬದಲಾಯಿತು. ಅದೇ ಹೊತ್ತಿನಲ್ಲಿ ಎಂಜಿನ್ ಶಕ್ತಿಯೂ ಏರುತ್ತಾ ಹೋಯಿತು. ಮೊದಲ ಡ್ಯೂರಾಮ್ಯಾಕ್ಸ್‌ನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 705 ನ್ಯೂಟನ್ ಮೀಟರ್. 2024ರ ಮಾದರಿಯದ್ದು ಸುಮಾರು 1,320. ಹಳೇ ಗೇರ್‌ಬಾಕ್ಸ್ ಎಷ್ಟು ವರ್ಷ ಬಾಳಿತು ಅಂತ ಹೊಗಳುವಾಗ, ಅದು ಹೊತ್ತಿದ್ದು ಇವತ್ತಿಗಿಂತ ಕಡಿಮೆ ಭಾರ ಅನ್ನೋದು ಎಷ್ಟೋ ಸಲ ಮರೆತುಹೋಗುತ್ತದೆ.

ಗೇರ್ ಜಾಸ್ತಿ ಆದರೆ ಒಳಗಿನ ಸಾಮಾನೂ ಅಷ್ಟೇ ಜಾಸ್ತಿ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಆರು ಗೇರಿನ ಆಲಿಸನ್‌ನಲ್ಲಿ ಮೂರು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಜೋಡಣೆ), ಐದು ಕ್ಲಚ್ ಇದ್ದವು. ಹತ್ತು ಗೇರಿನದರಲ್ಲಿ ನಾಲ್ಕು ಸೆಟ್, ಆರು ಕ್ಲಚ್. ಒಂದು ಸೆಟ್, ಒಂದು ಕ್ಲಚ್ ಸೇರಿಸಿದ್ದಕ್ಕೆ ನಾಲ್ಕು ಗೇರ್ ಹೆಚ್ಚಿಗೆ ಸಿಕ್ಕಿವೆ. ಯಾವ ಕ್ಲಚ್ ಹಿಡಿಯಬೇಕು, ಯಾವುದು ಬಿಡಬೇಕು ಅನ್ನುವ ಜೋಡಣೆಯಲ್ಲೇ ಆ ಗೇರುಗಳು ಹುಟ್ಟುತ್ತವೆ. ಹಾಗಾಗಿ ಕಷ್ಟ ಇರುವುದು ಹಲ್ಲಿನ ಚಕ್ರಗಳ ಲೆಕ್ಕದಲ್ಲಲ್ಲ. ಆ ಕ್ಲಚ್‌ಗಳಿಗೆ ಸರಿಯಾದ ಕ್ಷಣಕ್ಕೆ, ಸರಿಯಾದ ಒತ್ತಡದಲ್ಲಿ ಆಯಿಲ್ ಕಳಿಸುವುದರಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಚ್ಚು ಗೇರಿನಿಂದ ನಿಜವಾಗಿ ಏನು ಲಾಭ? ನಮ್ಮ ಗಾಡಿಗಳು ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುತ್ತವೆ. ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅದರ ಹತ್ತಿರ ಶೇ 6-7ರಷ್ಟು ಏರು, ಅದೂ ಮೈಲಿಗಟ್ಟಲೆ. ಅಂಥ ಕಡೆ ಆರು ಗೇರಿನ ಆಲಿಸನ್ ನಾಲ್ಕನೇ ಗೇರಿನಲ್ಲಿದೆ ಅಂತಿಟ್ಟುಕೊಳ್ಳಿ. ಅದರ ಅನುಪಾತ 1.00, ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟೂ ಒಂದು ಸುತ್ತು. ಎಂಜಿನ್ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಎಳೆಯಲಾರದೆ ಮೂರಕ್ಕೆ ಇಳಿಯಿತು. ಅಲ್ಲಿ ಅನುಪಾತ 1.41. ಎಂಜಿನ್ ಒಂದೇ ಸಲಕ್ಕೆ 2,820ಕ್ಕೆ ಹಾರುತ್ತದೆ. ಶಬ್ದ, ಬಿಸಿ, ಡೀಸೆಲ್ ಎಲ್ಲ ಏರುತ್ತವೆ. ಸ್ವಲ್ಪ ಏರು ಕಡಿಮೆಯಾದರೆ ಮತ್ತೆ ನಾಲ್ಕಕ್ಕೆ, ಮತ್ತೆ ಮೂರಕ್ಕೆ. ಹತ್ತು ಗೇರಿನದರಲ್ಲಿ 1.00 ಇರುವುದು ಏಳನೇ ಗೇರಿಗೆ. ಅದರ ಕೆಳಗೆ 1.26, ಅದರ ಕೆಳಗೆ 1.48. ಅದೇ ವೇಗದಲ್ಲಿ 2,520ಕ್ಕೆ ಬಂದು ನಿಲ್ಲುತ್ತದೆ. ಆ ನಡುವಿನ ಒಂದು ಗೇರ್ ಘಾಟಿ ಹತ್ತುವವರಿಗೆ ಎಷ್ಟು ದೊಡ್ಡದು ಅಂತ ಭಾರ ಎಳೆದವರಿಗೇ ಗೊತ್ತು.

ಮೊದಲ ಗೇರಿನ ಲಾಭ ಇನ್ನೂ ದೊಡ್ಡದು ಅಂತ ನನ್ನ ಅನಿಸಿಕೆ. ಹಳೆಯದರಲ್ಲಿ ಮೊದಲ ಗೇರ್ 3.10, ಹೊಸದರಲ್ಲಿ 4.54. ನಿಂತ ಟ್ರೈಲರನ್ನು ಏರಿನಲ್ಲಿ ಎತ್ತುವಾಗ ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಆಯಿಲ್ ಜಾರಿ ಜಾರಿ ಬಿಸಿ ಹುಟ್ಟುತ್ತದೆ. ಮೊದಲ ಗೇರಿನ ಅನುಪಾತ ದೊಡ್ಡದಾದಷ್ಟೂ ಗಾಡಿ ಬೇಗ ಹೊರಡುತ್ತದೆ, ಕನ್ವರ್ಟರ್ ಬೇಗ ಲಾಕ್ ಆಗುತ್ತದೆ, ಬಿಸಿ ಕಡಿಮೆ. ಗೇರ್‌ಗಳ ನಡುವೆ ಅಂತರ ಚಿಕ್ಕದಾದ್ದರಿಂದ ಪ್ರತಿ ಬದಲಾವಣೆಯಲ್ಲಿ ಕ್ಲಚ್ ಸುಡುವುದೂ ಕಡಿಮೆ. ಅಂದರೆ ಹೆಚ್ಚು ಗೇರ್ ಅಂದ ಮಾತ್ರಕ್ಕೆ ಬೇಗ ಹಾಳು ಅನ್ನೋಕಾಗಲ್ಲ. ಒಂದು ಲೆಕ್ಕದಲ್ಲಿ ಅದು ಗೇರ್‌ಬಾಕ್ಸನ್ನು ಕಾಪಾಡುತ್ತದೆ ಕೂಡ.

ಆದರೆ ದಾಖಲೆ ತೆಗೆದಾಗ ಮೆಕ್ಯಾನಿಕ್‌ಗಳ ಮಾತೇ ನಿಜ ಅನ್ನುವ ಹಾಗಿತ್ತು. ಗೇರ್‌ಬಾಕ್ಸ್ ದೂರು ಹೆಚ್ಚು ಇದ್ದದ್ದು ಹತ್ತು ಗೇರಿನ ಗಾಡಿಗಳಲ್ಲೇ. ಅಷ್ಟಕ್ಕೇ ನಿಲ್ಲಿಸಿ ವರದಿ ಕೊಟ್ಟಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ನನಗೆ ಸಮಾಧಾನ ಇರಲಿಲ್ಲ. ಪಟ್ಟಿಗೆ ಇನ್ನಷ್ಟು ಕಾಲಂ ಸೇರಿಸಿದೆ: ಯಾವ ಟ್ರೈಲರ್, ಯಾವ ರಸ್ತೆ, ಎಷ್ಟು ಜನ ಓಡಿಸುತ್ತಾರೆ, ಗೇರ್ ಆಯಿಲ್ ಯಾವಾಗ ಬದಲಾಯಿತು.

ಆಗ ಚಿತ್ರ ಬೇರೆಯೇ ಆಯಿತು. ಗಾಡಿ ಹಂಚುವವರು ಸಹಜವಾಗಿಯೇ ಭಾರದ ಟ್ರೈಲರ್, ಬೆಟ್ಟದ ಸೈಟು ಎಲ್ಲವನ್ನೂ ಹೊಸ ಗಾಡಿಗೆ ಕೊಡುತ್ತಿದ್ದರು. ಶಕ್ತಿ ಇರುವುದು ಅದಕ್ಕೇ ಅಲ್ವಾ? ಹಳೇ ಆರು ಗೇರಿನವು ಊರೊಳಗೆ ಪೈಪು, ಸಲಕರಣೆ ಹೊತ್ತು ಓಡಾಡುತ್ತಿದ್ದವು. ಇನ್ನೊಂದು ವಿಷಯ, ಆರು ಗೇರಿನ ಗಾಡಿಗಳಲ್ಲಿ ಬೇಗ ಕೆಟ್ಟವನ್ನು ಕಂಪನಿ ಯಾವಾಗಲೋ ಮಾರಿಬಿಟ್ಟಿತ್ತು. ಹೊಲದಲ್ಲಿ ಉಳಿದ ಗಟ್ಟಿ ಪೈರನ್ನಷ್ಟೇ ನೋಡಿ ಬೀಜ ಒಳ್ಳೇದು ಅಂದ ಹಾಗೆ, ನಾವು ಹೋಲಿಸುತ್ತಿದ್ದದ್ದು ಉಳಿದುಕೊಂಡವುಗಳ ಜೊತೆ. ಬರೀ ಬೆಟ್ಟದ ಕೆಲಸ, ಬರೀ ಭಾರದ ಟ್ರೈಲರ್ ಅಂತ ಬೇರೆ ಮಾಡಿ, ಮಾರಿದ ಗಾಡಿಗಳ ಹಳೇ ಫೈಲನ್ನೂ ಸೇರಿಸಿ ನೋಡಿದಾಗ ಎರಡರ ನಡುವಿನ ಅಂತರ ತುಂಬ ಇಳಿಯಿತು. ಪೂರ್ತಿ ಹೋಗಲಿಲ್ಲ. ಆದರೆ ಕೊಳ್ಳುವ ತೀರ್ಮಾನ ಬದಲಿಸುವಷ್ಟು ಇಳಿಯಿತು.

ಉಳಿದ ಅಂತರದಲ್ಲಿ ದೊಡ್ಡ ಪಾಲು ಆಯಿಲ್‌ನದ್ದು. ಕೆಲವು ಹೆವಿ ಡ್ಯೂಟಿ ಗಾಡಿಗಳ ಕೈಪಿಡಿಯಲ್ಲಿ ಮಾಮೂಲಿ ಬಳಕೆಗೆ 1,50,000 ಮೈಲಿಗೆ ಒಂದು ಸಲ ಗೇರ್ ಆಯಿಲ್ ಬದಲಿಸಿ ಅಂತ ಇರುತ್ತದೆ. ಸದಾ ಟ್ರೈಲರ್ ಎಳೆಯುವವರಿಗೆ ಬೇರೆ ಪಟ್ಟಿ ಇರುತ್ತದೆ, ಅದರಲ್ಲಿ ಗಡುವು ತುಂಬ ಕಡಿಮೆ. ನಮ್ಮ ಸರ್ವೀಸ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ಗಾಡಿಗೂ ಮಾಮೂಲಿ ಪಟ್ಟಿಯೇ ಇತ್ತು. ಹೊಸ ಗೇರ್‌ಬಾಕ್ಸ್‌ಗಳಲ್ಲಿ ಬಳಸುವ ಆಯಿಲ್ ತುಂಬ ತೆಳು. ಇಂಧನ ಉಳಿಸಲಿಕ್ಕೆ ಹಾಗೆ ಮಾಡಿದ್ದಾರೆ. ಅದು ಸುಟ್ಟು, ಕ್ಲಚ್ಚಿನ ಪುಡಿ ಸೇರಿಕೊಂಡರೆ ಮೊದಲು ತೊಂದರೆ ಆಗುವುದು ಆಯಿಲ್ ಒತ್ತಡ ನಡೆಸುವ ಸಣ್ಣ ವಾಲ್ವ್‌ಗಳಿಗೆ. ಗೇರ್ ಬೀಳುವಾಗ ಗಾಡಿ ಜಗ್ಗುವುದು, ತಡವಾಗಿ ಹಿಡಿಯುವುದು ಶುರುವಾಗುತ್ತದೆ. ಗೇರ್‌ಬಾಕ್ಸೇ ಹೋಯಿತು ಅಂತ ಡ್ರೈವರ್ ಬರೆದುಕೊಡುತ್ತಾರೆ.

ಇನ್ನೊಂದು ಕಾರಣ 'ಟೋ-ಹಾಲ್' ಗುಂಡಿ. ಟ್ರೈಲರ್ ಎಳೆಯುವಾಗ ಇದನ್ನು ಒತ್ತಬೇಕು. ಆಗ ಗೇರ್‌ಬಾಕ್ಸ್ ಪದೇ ಪದೇ ಮೇಲೆ ಕೆಳಗೆ ಆಡುವುದಿಲ್ಲ, ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಕೊಡುತ್ತದೆ. ತುಂಬ ಡ್ರೈವರ್‌ಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹಳೇ ಗಾಡಿಯಲ್ಲಿ ಹೇಗೋ ನಡೆಯುತ್ತಿತ್ತು. ಹತ್ತು ಗೇರ್ ಇದ್ದಾಗ ಆಡಲು ಜಾಗ ಜಾಸ್ತಿ, ಹಾಗಾಗಿ ಆಡುವುದೂ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೂ ಮೆಕ್ಯಾನಿಕ್‌ಗಳ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಟ್ಟಾಗ ಏನು ಗತಿ ಅನ್ನೋದು. ನನ್ನ ಚಿಕ್ಕಪ್ಪ ಲಾರಿ ಇಟ್ಟಿದ್ದವರು. ಯಾವ ಗಾಡಿ ನೋಡಿದರೂ ಅವರ ಮೊದಲ ಪ್ರಶ್ನೆ, "ಕೆಟ್ರೆ ಯಾರು ಬಿಚ್ತಾರೆ, ಪಾರ್ಟ್ಸ್ ಎಲ್ಲಿ ಸಿಗುತ್ತೆ?" ಈ ಪ್ರಶ್ನೆಗೆ ಹತ್ತು ಗೇರಿನದರ ಹತ್ತಿರ ಒಳ್ಳೆ ಉತ್ತರ ಇಲ್ಲ. ಹಳೇ ಆರು ಗೇರಿನದನ್ನು ನಮ್ಮವರು ಬಿಚ್ಚಿ, ಕ್ಲಚ್ ಪ್ಲೇಟು ಹಾಕಿ, ಮತ್ತೆ ಕೂಡಿಸುತ್ತಾರೆ. ಹೊಸದಕ್ಕೆ ಬೇರೆ ಟೂಲ್ ಬೇಕು, ಸಾಫ್ಟ್‌ವೇರ್ ಬೇಕು, ಜೋಡಿಸಿದ ಮೇಲೆ ಕ್ಲಚ್‌ಗಳ ಅಳತೆಯನ್ನು ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಬಹಳ ಸಲ ಇಡೀ ಗೇರ್‌ಬಾಕ್ಸೇ ಬದಲು. ಅದು ಬರುವವರೆಗೆ ಗಾಡಿ ನಿಂತಿರುತ್ತದೆ, ಬಾಡಿಗೆ ಗಾಡಿ ತರಬೇಕು, ಇಲ್ಲದಿದ್ದರೆ ಸೈಟಿನಲ್ಲಿ ಇಡೀ ತಂಡ ಕೈಕಟ್ಟಿ ಕೂತಿರುತ್ತದೆ. ನಿಂತ ದಿನಗಳ ಖರ್ಚು ಸೇರಿಸಿದಾಗ ಹೊಸದರ ಒಂದೊಂದು ಕೆಡುಕೂ ಹಳೆಯದಕ್ಕಿಂತ ತುಂಬ ದುಬಾರಿ.

2024ರಲ್ಲಿ ಜನರಲ್ ಮೋಟರ್ಸ್ ಮಾಡಿದ ರಿಕಾಲ್ (ದೋಷ ಸರಿಪಡಿಸಲು ಮಾರಿದ ಗಾಡಿಗಳನ್ನು ವಾಪಸ್ ಕರೆಸುವುದು) ಇಲ್ಲಿ ನೆನಪಿಡಬೇಕಾದದ್ದು. 2020ರಿಂದ 2022ರ ಮಾದರಿಯ, ಡೀಸೆಲ್ ಎಂಜಿನ್ ಮತ್ತು ಹತ್ತು ಗೇರ್ ಇರುವ ಸುಮಾರು 4.6 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳು ಅದರಲ್ಲಿದ್ದವು. ಕಾರಣ ಹಲ್ಲು ಮುರಿದದ್ದಲ್ಲ, ಗೇರ್ ಸವೆದದ್ದಲ್ಲ. ಒಂದು ಕಂಟ್ರೋಲ್ ವಾಲ್ವ್ ಸವೆದು ಒತ್ತಡ ಸೋರಿ, ಅಪರೂಪಕ್ಕೆ ಹಿಂದಿನ ಚಕ್ರಗಳು ಕ್ಷಣಕಾಲ ಲಾಕ್ ಆಗುವ ಅಪಾಯ ಇತ್ತು. ಪರಿಹಾರ ಹೊಸ ಸಾಫ್ಟ್‌ವೇರ್. ಸವೆತ ಕಂಡರೆ ಅದು ಗಾಡಿಯನ್ನು ಐದನೇ ಗೇರಿಗಿಂತ ಮೇಲೆ ಹೋಗಲು ಬಿಡುವುದಿಲ್ಲ. ನಾನು ಮೊದಲೇ ಹೇಳಿದ ಆಯಿಲ್ ಒತ್ತಡದ ಕಷ್ಟ ಇದೇ. ವಾಲ್ವ್ ಬಹಳ ಸಣ್ಣ ಸಾಮಾನು, ಅದರಿಂದ ಆಗಬಹುದಾದ ಅನಾಹುತ ಸಣ್ಣದಲ್ಲ. ಹಾಗಾಗಿ ಈಗ ಯಾವ ಗಾಡಿ ನೋಡಿದರೂ ಗೇರ್ ಎಷ್ಟು ಅಂತ ಕೇಳುವ ಮೊದಲು ಆ ವಾಲ್ವ್‌ಗಳೆಲ್ಲ ಕೂತಿರುವ ಭಾಗದ, ಅಂದರೆ ವಾಲ್ವ್ ಬಾಡಿಯ, ಇತಿಹಾಸ ಹುಡುಕುತ್ತೇನೆ.

ಕೊನೆಗೆ ಹೀಗೆ ಮಾಡಿದೆವು. ಬೆಟ್ಟದ ದಾರಿಯ ಭಾರದ ಕೆಲಸಕ್ಕೆ ಹತ್ತು ಗೇರಿನ ಗಾಡಿಗಳೇ. ಟ್ರೈಲರ್ ಎಳೆಯುವವರ ಪಟ್ಟಿಯ ಪ್ರಕಾರವೇ ಆಯಿಲ್ ಬದಲಾವಣೆ, ಬದಲಿಸಿದ ಪ್ರತಿ ಸಲ ತೆಗೆದ ಆಯಿಲ್‌ನ ಬಣ್ಣ, ವಾಸನೆ, ಪುಡಿ ನೋಡಿ ಬರೆದಿಡುವುದು. ಗೇರ್ ಜಗ್ಗಿದರೆ ಅವತ್ತೇ ಹೇಳಬೇಕು ಅಂತ ಡ್ರೈವರ್‌ಗಳಿಗೆ ತಿಳಿಸಿದೆವು. ಹೀಗೆ ಹೇಳಿದವರಿಗೆ ಬೈಗುಳ ಇಲ್ಲ, ಬದಲಿ ಗಾಡಿ ಕೊಡುತ್ತೇವೆ. ಊರೊಳಗಿನ ಕೆಲಸಕ್ಕೆ ಆರು ಗೇರಿನವನ್ನು ಹಾಗೇ ಉಳಿಸಿಕೊಂಡೆವು, ಮಾರಲಿಲ್ಲ. ಅವಕ್ಕೆ ಒಂದು ರಿಪೇರಿ ಮಾಡಿದ ಗೇರ್‌ಬಾಕ್ಸನ್ನು ವರ್ಕ್‌ಶಾಪಿನಲ್ಲಿ ಸಿದ್ಧ ಇಟ್ಟಿದ್ದೇವೆ.

ಹರಾಜಿನ ಯೋಚನೆ ಕೈಬಿಟ್ಟೆವು. ಹರಾಜಿನ ಗಾಡಿಯ ಹಿಂದಿನ ಮಾಲೀಕ ಯಾವ ಭಾರ ಎಳೆದಿದ್ದ, ಆಯಿಲ್ ಯಾವಾಗ ಬದಲಿಸಿದ್ದ ಅನ್ನೋದು ಯಾವ ಕಾಗದದಲ್ಲೂ ಇರುವುದಿಲ್ಲ. ಅದು ಗೊತ್ತಿಲ್ಲದೆ ಆರು ಗೇರ್ ಇದೆ ಅಂತ ಮಾತ್ರಕ್ಕೆ ದುಡ್ಡು ಹಾಕಲು ಮ್ಯಾನೇಜರ್ ಕೂಡ ಒಪ್ಪಲಿಲ್ಲ. ಹತ್ತು ಗೇರಿನವನ್ನು ಬಿಚ್ಚಿ ಜೋಡಿಸುವ ತರಬೇತಿಗೆ ನಮ್ಮ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಒಬ್ಬರನ್ನು ಕಳಿಸಬೇಕು ಅಂತ ಕೇಳಿದ್ದೇನೆ. ಅದಕ್ಕಿನ್ನೂ ಒಪ್ಪಿಗೆ ಬಂದಿಲ್ಲ, ಬಿಡದೆ ಕೇಳುತ್ತಿದ್ದೇನೆ.