ಎಂಟಿಎಚ್‌ಎಫ್‌ಆರ್ ಮತ್ತು ನಮ್ಮನೆ ಪಂಚಾಯ್ತಿ

ಎರಡನೇ ಸಲವೂ ಬಸಿರು ನಿಲ್ಲಲಿಲ್ಲ. ಆಮೇಲೆ ಧಾರವಾಡದ ಒಂದು ಲ್ಯಾಬಿನಲ್ಲಿ ಅದೂ ಇದೂ ಸೇರಿಸಿ ದೊಡ್ಡ ಪ್ಯಾಕೇಜಿಗೆ ರಕ್ತ ಕೊಟ್ಟು ಬಂದೆ. ರಿಪೋರ್ಟು ವಾಟ್ಸ್ಆಪ್‌ಗೆ ಬಂತು. ಉಳಿದದ್ದೆಲ್ಲ ನಾರ್ಮಲ್, ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ: ಎಂಟಿಎಚ್‌ಎಫ್‌ಆರ್ ಸಿ677ಟಿ, ಹೆಟೆರೋಜೈಗಸ್.

ಅತ್ತೆ ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದರು. "ಏನಂತ ಬಂದೈತಿ?" ಅಂದರು.

"ಜೀನಿನಾಗ ಏನೋ ಫರಕ್ ಐತಂತ್ರಿ."

ಅಷ್ಟು ಸಾಕಾಯ್ತು. ಸಂಜೆಯೊಳಗೆ ಅದು ನನ್ನ ತವರಿನ ದೋಷವಾಗಿ ಗದಗಿನ ನಾದಿನಿ ಮನೆ ತಲುಪಿತ್ತು. ಇತ್ತ ನಮ್ಮವ್ವ ಫೋನಿನಲ್ಲಿ, "ನಮ್ಮ ಮನಿತನದಾಗ ಯಾರಿಗೂ ಹಿಂಗಾಗಿಲ್ಲ" ಅಂತ ಶುರು ಮಾಡಿದಳು. ಲ್ಯಾಬಿನವರು ಒಂದು ಸಾಲು ಬರೆದು ಸುಮ್ನಾದರು, ಅರ್ಥ ಹೇಳೋರು ಮಾತ್ರ ಊರೆಲ್ಲ.

ಚಿಗರಿ ಬಸ್ ಹತ್ತಿ ನಾನೂ ನಮ್ಮವರೂ ಹುಬ್ಬಳ್ಳಿಗೆ ಹೋದೆವು. ಡಾಕ್ಟರಮ್ಮ ಚೀಟಿಯ ಹಿಂದೆ ಬಾಣ ಎಳೆದು ತೋರಿಸಿದರು. ಎಂಟಿಎಚ್‌ಎಫ್‌ಆರ್ ಅನ್ನೋದು ಒಂದು ಜೀನು, ಸಿ677ಟಿ ಅಂದರೆ ಅದರಲ್ಲಿನ ಒಂದು ಬದಲಾವಣೆ. ಆ ಜೀನು ಒಂದು ಕಿಣ್ವ ಮಾಡುತ್ತೆ. ಆ ಕಿಣ್ವ ಫೋಲೇಟ್ ಅನ್ನೋ ಬಿ ವಿಟಮಿನ್ನನ್ನು ದೇಹಕ್ಕೆ ಬೇಕಾದ ರೂಪಕ್ಕೆ ತರುತ್ತೆ. ರಕ್ತದಲ್ಲಿರುವ ಹೋಮೋಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಜಾಸ್ತಿಯಾಗದಂತೆ ನೋಡಿಕೊಳ್ಳೋಕೆ ಆ ಫೋಲೇಟ್ ಬೇಕು. ಜೀನಿನ ಒಂದು ಪ್ರತಿ ಅಪ್ಪನದು, ಒಂದು ಅವ್ವನದು. ನನ್ನ ಹಾಗೆ ಒಂದೇ ಬದಲಾಗಿದ್ದರೆ (ಅದೇ ಹೆಟೆರೋಜೈಗಸ್) ಕಿಣ್ವ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ಮಾಡುತ್ತೆ. ಎರಡೂ ಬದಲಾಗಿದ್ದರೆ ಶೇ. 30ರ ಆಸುಪಾಸು.

"ಹೋಮೋಸಿಸ್ಟೀನ್ ಏರಿದ್ರ ರಕ್ತ ಹೆಪ್ಪುಗಟ್ಟಿ ಗರ್ಭ ಹೋಗತದ ಅನ್ನೋ ಅನುಮಾನದಿಂದ ಈ ಟೆಸ್ಟ್ ಮಾಡಸ್ತಿದ್ರು. ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಸ್ಥೆ 2013ರಾಗ ಬ್ಯಾಡ ಅಂತ ಹೇಳೇದ. ಭಾಳ ಮಂದಿಗೆ ಈ ಫರಕ್ ಇರ್ತದ, ಅವರಿಗೆ ಮಕ್ಕಳೂ ಆಗ್ಯಾವ."

ನಮ್ಮವರು ಮೆಲ್ಲಗೆ, "ನನಗೂ ಇರಬಹುದೇನ್ರಿ?" ಅಂದರು.

"ಯಾಕಿರಬಾರದು? ನಿಮ್ಮ ತಾಯಿಯವರಿಗೂ ಇರಬಹುದು!"

ನಗು ತಡೆಯೋಕೆ ಆಗಲಿಲ್ಲ. ಎಷ್ಟೋ ದಿನ ಆಗಿತ್ತು ನಕ್ಕು.

ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮಿನ ಏರುಪೇರೇ ಕಾರಣವಂತೆ. ಹೆಚ್ಚಿನ ಸಲ ಅದು ಆಕಸ್ಮಿಕ. ಮಾಡಿಸಬೇಕಾದ ಪರೀಕ್ಷೆಗಳೇ ಬೇರೆ: ಆಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿ (ರಕ್ತ ಹೆಪ್ಪುಗಟ್ಟಿಸಬಲ್ಲ ಪ್ರತಿಕಾಯ), ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್, ಬೇಕಾದರೆ ಇಬ್ಬರದೂ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮುಗಳ ಪರೀಕ್ಷೆ. ಮಾತ್ರೆ ಮಾತ್ರ ಎಲ್ಲರಿಗೂ ಕೊಡುವುದೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್.

ರಾತ್ರಿ ಊಟಕ್ಕೆ ಕೂತಾಗ ನಮ್ಮವರೇ ಎಲ್ಲ ಹೇಳಿದರು. "ನಿನಗೂ ಇರಬಹುದಂತ ನೋಡವ್ವಾ" ಅನ್ನೋದನ್ನೂ ಬಿಡಲಿಲ್ಲ. ಅತ್ತೆ ರೊಟ್ಟಿ ಮುರಿಯೋದು ನಿಲ್ಲಿಸಿ ಕೇಳಿದರು, "ಹಂಗಾರ ಆ ಲ್ಯಾಬಿನವರು ರೊಕ್ಕ ಯಾಕ ತಗೊಂಡ್ರು?"

ನ್ಯಾಯವಾದ ಪ್ರಶ್ನೆ. ನಾಳೆ ಅಲ್ಲಿಗೇ ಹೋಗಿ ಕೇಳ್ತೀನಿ ಅಂತ ಕೂತಿದ್ದಾರೆ.